ಕಟ್ಟುವ ವಿದ್ಯೆ ಮತ್ತು ಕನ್ನಡದ ಮಾತು

(ಬಾನುಲಿ ಭಾಷಣ)



ಸಿವಿಲ್ ಎಂಜಿನಿಯರಿಂಗ್ ವ್ಯಾಸಂಗವನ್ನು ಕುರಿತು ಕನ್ನಡದ ಅಧ್ಯಾಪಕನೊಬ್ಬ ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅಡಿಪಾಯದ ಆಳವನ್ನಾಗಲಿ ತೊಲೆಯ ದಪ್ಪವನ್ನಾಗಲಿ ಲೆಕ್ಕಹಾಕಿ ಹೇಳುವ ಶಕ್ತಿ ನನಗಿಲ್ಲ. ಪದವಿ ಕಾಲೇಜುಗಳಲ್ಲಿ ಮೂರು ದಶಕಗಳ ಕಾಲ ಹಳಗನ್ನಡ ಕಾವ್ಯ, ಛಂದಸ್ಸು, ಶಾಸನಗಳನ್ನು ಪಾಠ ಹೇಳಿ ನಿವೃತ್ತನಾದ ಮೇಲೆ, ಶಿವಮೊಗ್ಗದಲ್ಲಿ ಕೆಲವು ವರ್ಷ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕನ್ನಡ ಪತ್ರಿಕೆಯನ್ನು ಬೋಧಿಸುವ ಅವಕಾಶ ನನಗೆ ದೊರೆಯಿತು. ಅವರಲ್ಲಿ ಸಿವಿಲ್ ವಿಭಾಗದವರೊಡನೆ ನನ್ನ ಒಡನಾಟ ಹೆಚ್ಚಾಯಿತು. ಅವರ ಪುಸ್ತಕಗಳನ್ನು ತಿರುವಿಹಾಕಿದೆ. ಅವರ ಪ್ರಯೋಗಶಾಲೆಯಲ್ಲಿ ಕುತೂಹಲದಿಂದ ನಿಂತು ನೋಡಿದೆ. ಕಟ್ಟಡದ ಕೆಲಸ ನಡೆಯುವ ಸ್ಥಳಗಳಿಂದ ಅವರು ಹೊತ್ತು ತಂದ ಮಾತುಗಳನ್ನು ಕೇಳಿದೆ. ಹೀಗೆ ಕಂಡು ಕೇಳಿದ್ದರಿಂದ ನನ್ನಲ್ಲಿ ಮೂಡಿದ ಒಂದು ವಿಚಾರವನ್ನು ತಮ್ಮ ಮುಂದಿಡುತ್ತೇನೆ. ಈ ವಿದ್ಯೆಯನ್ನು ಕಲಿಯುವವರು ಲೆಕ್ಕವನ್ನು ಎಷ್ಟು ಎಚ್ಚರದಿಂದ ಕಲಿಯುತ್ತಾರೋ ಅಷ್ಟೇ ಎಚ್ಚರದಿಂದ ತಮ್ಮ ನೆಲದ ಮಾತನ್ನೂ ಕಲಿಯಬೇಕು; ಇಲ್ಲವಾದರೆ ಲೆಕ್ಕ ಸರಿಯಿದ್ದೂ ಕಟ್ಟಡ ಬೀಳಬಹುದು.

ಮೊದಲಿಗೆ ಸ್ವಲ್ಪ ಇತಿಹಾಸವನ್ನು ನೆನೆಯೋಣ. ಮೈಸೂರು ಸಂಸ್ಥಾನದ ಇತಿಹಾಸದಲ್ಲಿ ಒಂದರ ಹಿಂದೆ ಒಂದರಂತೆ ಬಂದ ನಾಲ್ಕು ವರ್ಷಗಳಿವೆ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1918ರಲ್ಲಿ ಬೆಂಕಿಪುರವೆಂದು ಹೆಸರಾಗಿದ್ದ ನಮ್ಮ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಂಕುರಾರ್ಪಣೆಯಾಯಿತು. ನಾಲ್ಕೂ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯಲ್ಲಿ ನಡೆದ ಕೆಲಸಗಳು. ಸಾಹಿತ್ಯ, ಉನ್ನತ ಶಿಕ್ಷಣ, ಕಟ್ಟುವ ವಿದ್ಯೆ, ಕಬ್ಬಿಣ ಇವು ನಾಲ್ಕೂ ಒಂದೇ ಮನೆಯಲ್ಲಿ ಹುಟ್ಟಿದ ಒಡಹುಟ್ಟುಗಳು. ಬೆಳೆದ ಮೇಲೆ ಅವು ಒಂದರ ಮನೆಗೆ ಒಂದು ಹೋಗಿಬರುವುದನ್ನು ನಿಲ್ಲಿಸಿದುವು ಎಂಬುದೇ ನನ್ನ ವ್ಯಥೆ.

ಬೆಂಗಳೂರಿನ ಆ ಕಾಲೇಜು ಏಕೆ ಬೇಕಾಯಿತೆಂಬುದನ್ನೂ ಗಮನಿಸಬೇಕು. ಅದಕ್ಕೆ ಮೊದಲು ಮೈಸೂರು ಸೀಮೆಯ ಹುಡುಗನಿಗೆ ಎಂಜಿನಿಯರಾಗುವ ಆಸೆ ಹುಟ್ಟಿದರೆ ಅವನು ಪುಣೆಗೋ ಮದರಾಸಿಗೋ ಹೋಗಬೇಕಾಗಿತ್ತು. ವಿಶ್ವೇಶ್ವರಯ್ಯನವರೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಸಂಸ್ಥಾನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ತಾವು ಹೊರಗೆ ಹೋಗಿ ಕಲಿತದ್ದನ್ನು ಮುಂದಿನವರು ಮನೆಯಲ್ಲೇ ಕಲಿಯಲೆಂದು ಅವರು ಸಿವಿಲ್ ಮತ್ತು ಮೆಕ್ಯಾನಿಕಲ್ ಎಂಬ ಎರಡು ವಿಭಾಗಗಳಿಂದ ಆ ಕಾಲೇಜನ್ನು ಆರಂಭಿಸಿದರು. ಶಿವಮೊಗ್ಗದವರು ಅದಕ್ಕೂ ಮುಂದೆ ಬಹುಕಾಲ ಕಾಯಬೇಕಾಯಿತು. 1946ರಲ್ಲಿ ಹುಟ್ಟಿದ ಇಲ್ಲಿನ ರಾಷ್ಟ್ರೀಯ ಶಿಕ್ಷಣ ಸಮಿತಿಯು 1980ರಲ್ಲಿ ಜವಾಹರಲಾಲ್ ನೆಹರೂ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನು ತೆರೆದಾಗ, ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳಿಗೆ ಬಸ್ಸಿನ ದಾರಿಯಲ್ಲೇ ಈ ವಿದ್ಯೆ ದೊರಕಿತು. ಇನ್ನು ಭದ್ರಾವತಿಯಲ್ಲಿ, ಕಾರ್ಖಾನೆಯ ಬೆಳ್ಳಿಹಬ್ಬದ ನೆನಪನ್ನು ತನ್ನ ಹೆಸರಿನಲ್ಲೇ ಹೊತ್ತಿರುವ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಅಲ್ಲಿ ಡಿಪ್ಲೊಮಾ ಮುಗಿಸಿ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿದ ಕಾರ್ಮಿಕರ ಮಕ್ಕಳು ನನ್ನ ಪರಿಚಯದವರಲ್ಲಿ ಅನೇಕರಿದ್ದಾರೆ.

'ಸಿವಿಲ್' ಎಂಬ ಮಾತಿನ ಅರ್ಥವನ್ನು ನಾನು ಮೊದಲ ತರಗತಿಯಲ್ಲೇ ಕೇಳುತ್ತಿದ್ದೆ. ಉತ್ತರ ಬರುವುದು ಅಪರೂಪ. ಹಿಂದೆ ಯೂರೋಪಿನಲ್ಲಿ ಎಂಜಿನಿಯರ್ ಎಂದರೆ ಕೋಟೆ ಕಟ್ಟುವ, ಕೋಟೆ ಒಡೆಯುವ ಸೈನ್ಯದ ಮನುಷ್ಯ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ಎಂಬಾತ ದೀಪಸ್ತಂಭ, ಸೇತುವೆ, ಕಾಲುವೆಗಳನ್ನು ಕಟ್ಟಿ, ತಾನು ಸೈನ್ಯದವನಲ್ಲ, ನಾಗರಿಕರ ಎಂಜಿನಿಯರ್ ಎಂದು ಹೇಳಿಕೊಂಡ. 1771ರಲ್ಲಿ ಅಂಥವರದೊಂದು ಸಂಘವೂ ಲಂಡನ್ನಿನಲ್ಲಿ ಹುಟ್ಟಿತು. ಹೀಗೆ ಯುದ್ಧಕ್ಕಲ್ಲ, ಜನರ ಬಾಳುವೆಗೆ ಎಂಬ ಪ್ರತಿಜ್ಞೆ ಆ ಹೆಸರಿನಲ್ಲೇ ಅಡಗಿದೆ. ನಮ್ಮ ಸರ್ಕಾರಿ ಕನ್ನಡವನ್ನು ಹಾಸ್ಯಮಾಡುವುದು ವಾಡಿಕೆಯಾಗಿದೆ. ಆದರೆ ರಸ್ತೆ ಸೇತುವೆಗಳ ಇಲಾಖೆಗೆ 'ಲೋಕೋಪಯೋಗಿ' ಎಂದು ಹೆಸರಿಟ್ಟವರು ಯಾರೇ ಆಗಿರಲಿ, ಸ್ಮೀಟನ್ನನ ಮನಸ್ಸನ್ನು ಒಂದೇ ಪದದಲ್ಲಿ ಹಿಡಿದಿದ್ದಾರೆ ಎಂದರೆ ತಪ್ಪಾಗಲಾರದು.

ಈ ವಿದ್ಯಾರ್ಥಿಗಳು ನಾಲ್ಕು ವರ್ಷ ಕಲಿಯುವುದಾದರೂ ಏನನ್ನು? ಪಠ್ಯಪಟ್ಟಿ ಉದ್ದವಾಗಿದೆ. ಗಣಿತ, ಮೋಜಣಿ, ವಸ್ತುಗಳ ಬಲ, ಕಾಂಕ್ರೀಟು, ಮಣ್ಣಿನ ಯಂತ್ರಶಾಸ್ತ್ರ, ಜಲಶಾಸ್ತ್ರ, ಹೆದ್ದಾರಿ, ಕುಡಿಯುವ ನೀರು, ಅಂದಾಜುಪಟ್ಟಿ ಹೀಗೆ ಸಾಗುತ್ತದೆ. ಆದರೆ ಅದರ ನಡುಗಂಬ ಯಾವುದೆಂದು ಕೇಳಿದರೆ, ಭಾರವು ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಎಂಬ ಪ್ರಶ್ನೆ. ಮಾಳಿಗೆಯ ಮೇಲಿನ ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ, ಅಡಿಪಾಯದಿಂದ ಮಣ್ಣಿಗೆ ಇಳಿಯಬೇಕು. ಈ ದಾರಿಯಲ್ಲಿ ವಸ್ತುವಿಗೆ ಒದಗುವ ಅವಸ್ಥೆಗಳು ಮುಖ್ಯವಾಗಿ ಐದು. ಅದನ್ನು ಒತ್ತಬಹುದು, ಎಳೆಯಬಹುದು, ಬಾಗಿಸಬಹುದು, ತಿರುಚಬಹುದು, ಕತ್ತರಿಸಬಹುದು. ಈ ಐದಕ್ಕೂ ಇಂಗ್ಲಿಷಿನಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ, ಸೂತ್ರಗಳಿವೆ. ನಮ್ಮ ಹುಡುಗರು ಆ ಹೆಸರುಗಳನ್ನು ಕಂಠಪಾಠ ಮಾಡಿರುತ್ತಾರೆ. ಆದರೆ ಅವು ಐದೂ ತಮ್ಮ ಅಡುಗೆಮನೆಯಲ್ಲಿ, ಅಂಗಳದಲ್ಲಿ ದಿನವೂ ಆಡುವ ಕ್ರಿಯಾಪದಗಳೇ ಎಂದು ಹೇಳಿದಾಗ ಅವರ ಮುಖದಲ್ಲಿ ಕಾಣುತ್ತಿದ್ದ ಬೆಳಕನ್ನು ನಾನು ಮರೆಯಲಾರೆ. ಒದ್ದೆ ಬಟ್ಟೆಯನ್ನು ಹಿಂಡುವ ತಾಯಿ ತಿರುಚುತ್ತಾಳೆ. ಬಾವಿಯ ಹಗ್ಗ ಎಳೆತಕ್ಕೆ ಒಳಗಾಗುತ್ತದೆ. ಬೀಸುವ ಕಲ್ಲಿನ ಕೆಳಗಿನ ಪಾಲು ಒತ್ತನ್ನು ತಡೆಯುತ್ತದೆ. ಅಡಕೆ ಕತ್ತರಿ ಮಾಡುವ ಕೆಲಸವಂತೂ ಹೆಸರಿನಲ್ಲೇ ಇದೆ.

ಕಾಂಕ್ರೀಟು ಒತ್ತನ್ನು ಚೆನ್ನಾಗಿ ತಾಳುತ್ತದೆ. ಎಳೆತವನ್ನು ತಾಳುವ ಶಕ್ತಿ ಅದಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಆದಕಾರಣ ಎಳೆತ ಬೀಳುವ ಕಡೆಯಲ್ಲಿ ಉಕ್ಕಿನ ಕಂಬಿಯನ್ನು ಹುದುಗಿಸುತ್ತಾರೆ. ಎರಡು ಗೋಡೆಗಳ ಮೇಲೆ ಕುಳಿತ ತೊಲೆ ನಡುವೆ ಜಗ್ಗಿದಾಗ ಅದರ ಅಡಿಭಾಗ ಹಿಗ್ಗುತ್ತದೆ, ಕಂಬಿ ಕೆಳಗಿರಬೇಕು. ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಸಜ್ಜದಲ್ಲಿ ಇದು ತಿರುವುಮುರುವು. ಅಲ್ಲಿ ಮೇಲ್ಭಾಗ ಹಿಗ್ಗುತ್ತದೆ, ಕಂಬಿ ಮೇಲಿರಬೇಕು. ನಾಲ್ಕು ವರ್ಷದ ವಿದ್ಯೆಯಲ್ಲಿ ಇದು ಒಂದು ಪುಟದ ವಿಷಯ. ಆದರೆ ಆ ಪುಟದ ಸಾರವು ಕನ್ನಡದ ಎರಡು ಸಣ್ಣ ಮಾತುಗಳಲ್ಲಿದೆ: ಮೇಲೆ, ಕೆಳಗೆ. ಇವುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದರೆ, ಮಳೆಗೆ ಸಜ್ಜದಡಿ ನಿಂತ ಮಗುವಿನ ತಲೆಯ ಮೇಲೆ ಅದರ ಪರಿಣಾಮವಾಗುತ್ತದೆ.

ಭದ್ರಾವತಿಯ ಒಬ್ಬ ವಿದ್ಯಾರ್ಥಿಯ ಅನುಭವವನ್ನು ಇಲ್ಲಿ ಹೇಳಬೇಕು. ಅವನ ತಾತ ಕಾರ್ಖಾನೆಯ ಕುಲುಮೆಯ ಬಳಿ ದುಡಿದವರು. ಹುಡುಗ ರಜೆಯಲ್ಲಿ ತನ್ನೂರಿನ ಹೊಸ ಬಡಾವಣೆಯಲ್ಲಿ ಎರಡಂತಸ್ತಿನ ಮನೆಯೊಂದರ ಕೆಲಸವನ್ನು ನೋಡಲು ಹೋಗುತ್ತಿದ್ದ. ಒಂದು ದಿನ ಸಜ್ಜದ ಕಂಬಿಗಳೆಲ್ಲ ಹಲಗೆಗೆ ಅಂಟಿದಂತೆ ಕೆಳಗೆ ಮಲಗಿರುವುದು ಅವನ ಕಣ್ಣಿಗೆ ಬಿತ್ತು. ಅವನು ಪುಸ್ತಕದಲ್ಲಿ ಓದಿದ್ದ ಇಂಗ್ಲಿಷ್ ಪದಗಳನ್ನೇ ಮೇಸ್ತ್ರಿಯ ಮುಂದೆ ಹೇಳಿದ. ಮೇಸ್ತ್ರಿ ಹಿರಿಯರು, ಕೆಲಸ ಬಲ್ಲವರು. "ನಾವು ಇಷ್ಟು ವರ್ಷ ಹಿಂಗೇ ಹಾಕಿದೀವಿ ತಮ್ಮಾ, ನೀನು ಓದ್ಕೊಂಡು ಬಾ" ಎಂದರು. ಹುಡುಗ ಸುಮ್ಮನೆ ಬಂದ. ಮರುದಿನ ನನ್ನ ಬಳಿ ಬಂದು, "ಸಾರ್, ಅವರಿಗೆ ಇದನ್ನು ಹೇಗೆ ಹೇಳಲಿ?" ಎಂದು ಕೇಳಿದ. "ಅವರಿಗೆ ಆಮೇಲೆ ಹೇಳುವೆಯಂತೆ, ಮೊದಲು ನನಗೆ ಹೇಳು. ನನಗೂ ಗೊತ್ತಿಲ್ಲ" ಎಂದೆ. ಅವನು ಸ್ವಲ್ಪ ಯೋಚಿಸಿ, ಹೊರಗಿನ ಗಿಡದಿಂದ ಒಂದು ಹಸಿಕಡ್ಡಿಯನ್ನು ಮುರಿದು ತಂದು, ಒಂದು ತುದಿಯನ್ನು ಮೇಜಿನ ಅಂಚಿನಲ್ಲಿ ಅದುಮಿ ಹಿಡಿದು, ಇನ್ನೊಂದು ತುದಿಯನ್ನು ಕೆಳಕ್ಕೆ ಒತ್ತಿದ. ತೊಗಟೆ ಬಿರಿಯಿತು. "ನೋಡಿ ಸಾರ್, ಮೇಲುಗಡೆ ಸೀಳುತ್ತೆ. ಸೀಳೋ ಕಡೆ ಕಟ್ಟು ಹಾಕಬೇಕು" ಎಂದ. "ಇಷ್ಟನ್ನೇ ಹೋಗಿ ಹೇಳಪ್ಪ" ಎಂದೆ.

ಅವನು ಹೋಗಿ ಹಾಗೆಯೇ ಹೇಳಿದನಂತೆ. ಮೇಸ್ತ್ರಿ ಕಡ್ಡಿಯನ್ನು ತಾವೇ ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿದರಂತೆ. "ಹಂಗಂದ್ರೆ ಸಜ್ಜ ಅಂದ್ರೆ ಮರದ ಕೊಂಬೆ ಇದ್ದಂಗೆ ಅನ್ನು. ಕಾಯಿ ಭಾರಕ್ಕೆ ಕೊಂಬೆ ಮೇಲಿಂದಾನೇ ಸೀಳೋದು" ಎಂದವರು, ಕಂಬಿಗಳನ್ನು ಬಿಚ್ಚಿಸಿ ಮೇಲಕ್ಕೆ ಎತ್ತಿ ಕಟ್ಟಿಸಿದರು, ಕಾಂಕ್ರೀಟು ಸುರಿಯುವಾಗ ಕಂಬಿಯ ಮೇಲೆ ಕಾಲಿಡಕೂಡದೆಂದು ಆಳುಗಳಿಗೆ ತಾಕೀತು ಮಾಡಿದರು. ವಿದ್ಯಾರ್ಥಿಗೆ ಸೂತ್ರ ಗೊತ್ತಿತ್ತು, ಮೇಸ್ತ್ರಿಗೆ ಕೊಂಬೆ ಗೊತ್ತಿತ್ತು. ಎರಡರ ನಡುವೆ ಇಲ್ಲದಿದ್ದದ್ದು ಮಾತು ಮಾತ್ರ. ಇಂದು ನಮ್ಮ ಕಟ್ಟಡಗಳಲ್ಲಿ ದುಡಿಯುವ ಎಷ್ಟೋ ಜನ ದೂರದ ರಾಜ್ಯಗಳಿಂದ ಬಂದವರು. ಅವರ ಭಾಷೆ ಬೇರೆ. ಅವರಿಗೂ ನಾಲ್ಕು ಮಾತನ್ನು ಅವರ ನುಡಿಯಲ್ಲಿ ಹೇಳಲು ಎಂಜಿನಿಯರ್ ಕಲಿಯಬೇಕಾಗುತ್ತದೆ. ತನ್ನ ಭಾಷೆಯಲ್ಲಿ ವಿಷಯವನ್ನು ಬಿಡಿಸಿ ಹೇಳಬಲ್ಲವನಿಗೆ ಇನ್ನೊಂದರಲ್ಲಿ ಹೇಳುವುದು ಕಷ್ಟವಾಗಲಾರದು. ಪುಸ್ತಕದ ಪದವನ್ನೇ ಹಿಡಿದು ಕುಳಿತವನಿಗೆ ಎರಡೂ ಕಷ್ಟ.

ಕಾಂಕ್ರೀಟಿನ ವಿಷಯದಲ್ಲಿ ಇನ್ನೊಂದು ಮಾತು. 1918ರಲ್ಲಿ, ಎಂದರೆ ಭದ್ರಾವತಿಯ ಕಾರ್ಖಾನೆ ಹುಟ್ಟಿದ ವರ್ಷದಲ್ಲೇ, ಅಮೆರಿಕದ ಡಫ್ ಏಬ್ರಮ್ಸ್ ಎಂಬ ವಿಜ್ಞಾನಿ ಒಂದು ನಿಯಮವನ್ನು ಪ್ರಕಟಿಸಿದ. ಸಿಮೆಂಟಿನ ಪ್ರಮಾಣಕ್ಕೆ ನೀರಿನ ಪ್ರಮಾಣ ಹೆಚ್ಚಿದಷ್ಟೂ ಗಟ್ಟಿಯಾದ ಕಾಂಕ್ರೀಟಿನ ಬಲ ಕುಗ್ಗುತ್ತದೆ ಎಂಬುದು ಅದರ ತಾತ್ಪರ್ಯ. ವಿದ್ಯಾರ್ಥಿಗಳು 15 ಸೆಂಟಿಮೀಟರ್ ಅಳತೆಯ ಘನಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ ಒಡೆದು ಈ ನಿಯಮವನ್ನು ಕಣ್ಣಾರೆ ಕಾಣುತ್ತಾರೆ. ಕೆಲಸದ ಜಾಗದಲ್ಲಾದರೋ ಸುರಿಯಲು ಸುಲಭವಾಗಲೆಂದು ಇನ್ನೆರಡು ಬಕೆಟ್ಟು ನೀರು ಹಾಕುವ ಆಸೆ ಎಲ್ಲರಿಗೂ ಸಹಜ. ಇದಕ್ಕೆ ಕನ್ನಡದಲ್ಲಿ 'ಹದ' ಎಂಬ ಅಮೂಲ್ಯವಾದ ಮಾತಿದೆ. ರೊಟ್ಟಿಯ ಹಿಟ್ಟಿಗೆ ಹದ, ಉಳುವ ನೆಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ, ಗಾರೆಗೂ ಹದ. ಈ ಮಾತನ್ನು ಬಳಸಿದ ಕೂಡಲೆ, ನೀರು ಹೆಚ್ಚಿದರೆ ಕೆಡುತ್ತದೆ ಎಂಬುದನ್ನು ಯಾರಿಗೂ ಬೇರೆಯಾಗಿ ವಿವರಿಸಬೇಕಾಗಿಲ್ಲ.

ನನ್ನ ತರಗತಿಯಲ್ಲಿ ಒಂದು ಅಭ್ಯಾಸವನ್ನು ಇಟ್ಟುಕೊಂಡಿದ್ದೆ. ಪ್ರತಿಯೊಬ್ಬನೂ ಕೆಲಸದ ಜಾಗಕ್ಕೆ ಹೋಗಿ ಹತ್ತು ಪದಗಳನ್ನು ಸಂಗ್ರಹಿಸಿ ತರಬೇಕು. ರಸಮಟ್ಟ, ಮೂಲೆಮಟ್ಟ, ತೂಗುಗುಂಡು, ಕರಣೆ, ಗಿಲಾವು, ಸಾರುವೆ, ಜಲ್ಲಿ, ಬಾಂಡ್ಲಿ, ಬೋದಿಗೆ, ಜಂತೆ ಹೀಗೆ ಬರುತ್ತಿದ್ದುವು. ರಸಮಟ್ಟವೆಂಬ ಮಾತನ್ನು ನೋಡಿ: ಗಾಜಿನ ನಳಿಗೆಯೊಳಗಿನ ದ್ರವವನ್ನು ರಸವೆಂದು ಕರೆದು, ಅದು ತೋರಿಸುವ ಸಮತಲವನ್ನು ಮಟ್ಟವೆಂದು ಕರೆದು ಜೋಡಿಸಿದವನು ಯಾವ ನಿಘಂಟು ಸಮಿತಿಯ ಸದಸ್ಯನೂ ಅಲ್ಲ. ಅವನ ಹೆಸರು ಯಾರಿಗೂ ತಿಳಿಯದು. ಪದ ಮಾತ್ರ ನಿಂತಿದೆ.

ಸಿವಿಲ್ ವಿದ್ಯಾರ್ಥಿಗಳ ವ್ಯಾಸಂಗದಲ್ಲಿ ನನಗೆ ಬಹಳ ಹಿಡಿಸಿದ ಭಾಗವೆಂದರೆ ಮೋಜಣಿ ಶಿಬಿರ. ಹಲವು ದಿನ ಹಳ್ಳಿಯೊಂದರಲ್ಲಿ ನಿಂತು ಹೊಸ ಕೆರೆ, ಹಳೆಯ ಕೆರೆಯ ದುರಸ್ತಿ, ರಸ್ತೆ, ಊರಿಗೆ ಕುಡಿಯುವ ನೀರು ಇವುಗಳಿಗೆ ಅಳತೆ ಮಾಡಿ ನಕ್ಷೆ ತಯಾರಿಸುತ್ತಾರೆ. ಹಳೆಯ ಕೆರೆಯ ದುರಸ್ತಿ ಪಠ್ಯದ ಒಂದು ಅಂಗವೆಂಬುದನ್ನು ತಿಳಿದಾಗ ಶಾಸನಗಳನ್ನು ಓದಿ ಬೆಳೆದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಈ ಪದಗಳು ನಮ್ಮ ಶಾಸನಗಳ ಪದಗಳು, ಇಂದಿನ ರೈತನ ಪದಗಳು, ನೀರಾವರಿ ಇಲಾಖೆಯ ಕಡತದ ಪದಗಳು. ಇಷ್ಟು ಕಾಲ ಬಾಳಿದ ತಾಂತ್ರಿಕ ಪರಿಭಾಷೆ ಲೋಕದಲ್ಲಿ ಅಪರೂಪ. ಭದ್ರಾವತಿಯ ನೆರೆಯ ಚನ್ನಗಿರಿ ಸೀಮೆಯ ಸೂಳೆಕೆರೆ, ಎಂದರೆ ಶಾಂತಿಸಾಗರದಲ್ಲಿ, ಎರಡು ಗುಡ್ಡಗಳ ನಡುವಿನ ಸಂದಿಯನ್ನು ಏರಿಯಿಂದ ಮುಚ್ಚಿ ಸಮುದ್ರದಂಥ ನೀರನ್ನು ನಿಲ್ಲಿಸಿದ್ದಾರೆ. ಜಾಗವನ್ನು ಆರಿಸಿದ ಆ ಕಣ್ಣು ಇಂದಿನ ಯಾವ ಎಂಜಿನಿಯರಿಗೂ ಪಾಠ ಹೇಳಬಲ್ಲದು.

ಒಂದು ಶಿಬಿರದಿಂದ ಹಿಂದಿರುಗಿದ ವಿದ್ಯಾರ್ಥಿನಿಯೊಬ್ಬಳು ಹೇಳಿದ ಸಂಗತಿ ಇದು. ಭದ್ರಾವತಿ ತಾಲ್ಲೂಕಿನ ಒಂದು ಹಳ್ಳಿಯ ಕೆರೆಯಲ್ಲಿ ಅವಳ ತಂಡ ಹಳೆಯ ನೀರುಗಂಟಿಯನ್ನು ಕಂಡು, "ಈ ಕೆರೆಯ ಗರಿಷ್ಠ ಪ್ರವಾಹ ಮಟ್ಟ ಎಷ್ಟು?" ಎಂದು ಕೇಳಿತು. ಮುದುಕರು ಮಾತಾಡಲಿಲ್ಲ. ಆಮೇಲೆ ಈಕೆ, "ಅಜ್ಜಾ, ನೀವು ಕಂಡ ಹಾಗೆ ನೀರು ಎಲ್ಲೀತನಕ ಏರಿತ್ತು?" ಎಂದು ಕೇಳಿದಳು. ಅವರು ಎದ್ದು ನಡೆದು, ಏರಿಯ ಪಕ್ಕದ ಹೊಂಗೆಮರದ ಬೊಡ್ಡೆಯ ಮೇಲೆ ಕೈಯಿಟ್ಟು, "ಇಲ್ಲೀಗಂಟ ತಾಯಿ. ಆವತ್ತು ರಾತ್ರಿ ನಾವು ಕೋಡಿ ಕಾದು ಕೂತಿದ್ವಿ" ಎಂದರು. ಅವಳು ಆ ಗುರುತಿಗೆ ಉಪಕರಣವನ್ನು ಹಿಡಿದು ಅಂಕಿಯನ್ನು ಬರೆದುಕೊಂಡಳು. ಉಪಕರಣ ಕೆಲವು ಲಕ್ಷ ರೂಪಾಯಿ ಬೆಲೆಯದು. ಮಿಲಿಮೀಟರಿನಷ್ಟು ವ್ಯತ್ಯಾಸವನ್ನೂ ಹಿಡಿಯಬಲ್ಲುದು. ಆದರೆ ಅದನ್ನು ಎಲ್ಲಿಗೆ ತಿರುಗಿಸಬೇಕೆಂದು ಹೇಳಿದ್ದು ನೀರುಗಂಟಿಯ ಕೈ.

ಕೆರೆಗಳ ಮಾತು ಬಂದಾಗ ಪೋರುಮಾಮಿಳ್ಳ ಶಾಸನವನ್ನು ನೆನೆಯದಿರಲಾಗದು. ಇಂದಿನ ಆಂಧ್ರದ ಕಡಪ ಸೀಮೆಯಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನವದು. ಸಾವಿರ ಜನ ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದರೆಂದು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಜಲಶಾಸ್ತ್ರ ಬಲ್ಲ ವಿದ್ವಾಂಸನೂ ಕಟ್ಟುವುದರಲ್ಲಿ ನುರಿತ ಕೆಲಸಗಾರರ ತಂಡವೂ ಆ ಹನ್ನೆರಡರಲ್ಲಿ ಸೇರಿರುವುದು ಗಮನಾರ್ಹ. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಇನ್ನು ದೋಷಗಳಲ್ಲಿ ಏರಿ ಸೋರುವುದು, ನೆಲ ಚೌಳಾಗಿರುವುದು ಇವೆ. ಇವುಗಳ ಜೊತೆಗೆ, ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರುವುದನ್ನೂ ದೋಷವೆಂದೇ ಎಣಿಸಿದೆ. ಜಗಳವೂ ಒಂದು ಸೋರಿಕೆಯೇ ಎಂಬುದು ಆ ಹಿರಿಯರ ತಿಳುವಳಿಕೆ. ಜನರ ನಡುವಿನ ಬಿರುಕು ಕಟ್ಟಡದ ಲೆಕ್ಕದಿಂದ ಹೊರಗಿನದೆಂದು ಅವರು ತಳ್ಳಿಹಾಕಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಆ ಲೆಕ್ಕವನ್ನು ಪೂರ್ತಿ ಮಾಡಿದವನು ಎಂಜಿನಿಯರಲ್ಲ, ಕಾದಂಬರಿಕಾರ. ಶರಾವತಿಗೆ ಅಡ್ಡವಾಗಿ ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಸಿದ್ಧವಾಯಿತು. ಅದು ನಾಡಿಗೆ ಬೆಳಕು ಕೊಟ್ಟಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹಿನ್ನೀರಿನಲ್ಲಿ ಊರುಗಳು, ತೋಟಗಳು, ದೇವಸ್ಥಾನಗಳು ಮುಳುಗಿದುವು. ತುಮರಿ ಸುತ್ತಿನ ಜನ ನೀರಿನಾಚೆ ಉಳಿದು, ದಶಕಗಳ ಕಾಲ ಲಾಂಚನ್ನು ನಂಬಿ ಬಾಳಿದರು. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಕಚೇರಿಯ ಕಡತಗಳ ನಡುವೆ ಕುಳಿತು ಅವರು ಕಂಡದ್ದು 'ಮುಳುಗಡೆ', 'ದ್ವೀಪ' ಮುಂತಾದ ಕಾದಂಬರಿಗಳಾಗಿ ಬಂದಿತು. ನೀರು ಎಷ್ಟು ಅಡಿ ಏರುವುದೆಂದು ಇಲಾಖೆ ಬರೆದಿಟ್ಟಿತು. ಆ ನೀರು ಏರುವಾಗ ಮನೆಯೊಳಗೆ ಕುಳಿತವರಿಗೆ ಏನಾಗುತ್ತದೆಂದು ಅದೇ ಇಲಾಖೆಯ ನೌಕರರೊಬ್ಬರು ಬರೆದಿಟ್ಟರು. ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಹಿನ್ನೀರಿನ ಮೇಲೆ, ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ಸಂಚಾರಕ್ಕೆ ತೆರೆಯಿತು. ಎಂಜಿನಿಯರುಗಳ ಒಂದು ಕೃತಿ ಬೇರ್ಪಡಿಸಿದ್ದನ್ನು ಎಂಜಿನಿಯರುಗಳ ಇನ್ನೊಂದು ಕೃತಿ ಕೂಡಿಸಲು ಅರುವತ್ತು ವರ್ಷ ಹಿಡಿಯಿತು. ಅಣೆಕಟ್ಟಿನ ವಿನ್ಯಾಸವನ್ನು ಓದುವ ವಿದ್ಯಾರ್ಥಿ ಈ ಕಾದಂಬರಿಗಳನ್ನೂ ಓದಬೇಕೆಂದು ನಾನು ಒತ್ತಾಯಿಸುತ್ತಿದ್ದುದು ಸಾಹಿತ್ಯದ ಮೇಲಿನ ಮಮತೆಯಿಂದ ಮಾತ್ರವಲ್ಲ. ಅವು ಅವನ ವಿಷಯಕ್ಕೇ ಸೇರಿದ ಪುಸ್ತಕಗಳು.

ಹೊಣೆಗಾರಿಕೆಯ ಮಾತನ್ನು ಹೊರನಾಡಿನವರೂ ನೋವಿನಿಂದಲೇ ಕಲಿತಿದ್ದಾರೆ. ಕೆನಡಾದ ಕ್ವಿಬೆಕ್ ಸೇತುವೆ 1907ರಲ್ಲಿ, ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರು ಸತ್ತರು. ಉಕ್ಕಿನ ಅಂಗಗಳು ಸೊಟ್ಟಗಾಗುತ್ತಿರುವುದನ್ನು ಕುಸಿತಕ್ಕೆ ಮೊದಲೇ ಕಂಡಿದ್ದರು. ಆದರೆ ಕೆಲಸ ನಿಲ್ಲಿಸಿರೆಂಬ ಮಾತು ಸಕಾಲದಲ್ಲಿ ಸೇತುವೆಯನ್ನು ಮುಟ್ಟಲಿಲ್ಲ. ಮುಂದೆ 1925ರಿಂದ ಆ ದೇಶದಲ್ಲಿ ಎಂಜಿನಿಯರಾಗಿ ಹೊರಬರುವವರು ಒಂದು ಪ್ರತಿಜ್ಞೆಯನ್ನು ಸ್ವೀಕರಿಸಿ ಕಿರುಬೆರಳಿಗೆ ಕಬ್ಬಿಣದ ಉಂಗುರ ತೊಡುವ ಸಂಪ್ರದಾಯ ಬಂದಿತು. ಬರೆಯುವ ಕೈ ಕಾಗದದ ಮೇಲೆ ಓಡುವಾಗ ಉಂಗುರ ತಾಕುತ್ತದೆ, ಹೊಣೆಯನ್ನು ನೆನಪಿಸುತ್ತದೆ.

ಇನ್ನು ಇಂದಿನ ಪರಿಸ್ಥಿತಿ. ಕಂಪ್ಯೂಟರಿನ ವಿಭಾಗಕ್ಕೆ ನೂಕುನುಗ್ಗಲು. ಸಿವಿಲ್ ತರಗತಿಯಲ್ಲಿ ಖಾಲಿ ಬೆಂಚುಗಳನ್ನು ನಾನು ಕಂಡಿದ್ದೇನೆ. "ಸಿವಿಲ್ ಓದಿದರೆ ಬಿಸಿಲಲ್ಲಿ ನಿಲ್ಲಬೇಕು, ಮೊದಮೊದಲು ಸಂಬಳವೂ ಕಡಿಮೆ" ಎಂದು ತಂದೆತಾಯಿಗಳು ಹೇಳುವುದರಲ್ಲಿ ಸುಳ್ಳಿಲ್ಲ; ಮಕ್ಕಳ ಹೊಟ್ಟೆಪಾಡಿನ ಚಿಂತೆಯನ್ನು ಹಗುರವಾಗಿ ಕಾಣಲು ನಾನು ಸಿದ್ಧನಿಲ್ಲ. ಆದರೆ ಸೋರುವ ಶಾಲೆ, ಕುಸಿಯುವ ರಸ್ತೆ, ಹೂಳು ತುಂಬಿದ ಕೆರೆ ಇವುಗಳ ಬಳಿಗೆ ಯಾರಾದರೂ ಹೋಗಿ ನಿಲ್ಲಲೇಬೇಕಲ್ಲವೆ?

ಕನ್ನಡ ಮಾಧ್ಯಮದ ವಿಷಯವನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಪ್ರಾದೇಶಿಕ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅನುಮತಿ ನೀಡಿತು. ಕರ್ನಾಟಕದಲ್ಲೂ ಕೆಲವು ಕಾಲೇಜುಗಳು ಮುಂದೆ ಬಂದುವು. ಸೇರಲು ಬಂದವರು ಬೆರಳೆಣಿಕೆಯಷ್ಟು ಮಂದಿ. ಇದನ್ನು ಕಂಡು ಕೆಲವರು ನಕ್ಕರು, ಕೆಲವರು ಮರುಗಿದರು. ನನಗೆ ಎರಡೂ ಸರಿಯೆನಿಸಲಿಲ್ಲ. ಇಂಗ್ಲಿಷಿನ ಗ್ರಂಥಗಳನ್ನು ಕಠಿಣವಾದ ಸಂಸ್ಕೃತ ಪದಗಳಿಗೆ ತಿರುಗಿಸಿ ಹುಡುಗರ ಮುಂದಿಟ್ಟರೆ, ಅವರಿಗೆ ಕಲಿಯಬೇಕಾದ ಪರಭಾಷೆ ಎರಡಾಗುತ್ತದೆ. ಕಾಂಕ್ರೀಟು ಕಾಂಕ್ರೀಟಾಗಿಯೇ ಇರಲಿ, ಸಿಮೆಂಟು ಸಿಮೆಂಟಾಗಿಯೇ ಇರಲಿ. ಭದ್ರಾವತಿಯಲ್ಲಿ ಆ ಕಾರ್ಖಾನೆಯಿಂದಲೇ ಸಿಮೆಂಟು ತಯಾರಾಗಿ ಹೊರಟ ಕಾಲದಿಂದ ಅವು ನಮ್ಮ ಮಾತುಗಳೇ ಆಗಿವೆ. ಕನ್ನಡವಾಗಬೇಕಾದದ್ದು ವಸ್ತುವಿನ ಹೆಸರಲ್ಲ, ವಿವರಣೆ. ಭಾರ ಎಲ್ಲಿ ಇಳಿಯುತ್ತದೆ, ಎಲ್ಲಿ ಸೀಳುತ್ತದೆ, ಏಕೆ ಸೀಳುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಲು ಬರಬೇಕು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ'ವನ್ನೂ ಅರಿಯದವರಿಗೆ 'ಬಳಕೆ ಕನ್ನಡ'ವನ್ನೂ ಪಠ್ಯದಲ್ಲಿ ಇರಿಸಿದೆ. ಇದು ಒಳ್ಳೆಯ ಬಾಗಿಲು. ಇದರೊಳಗಿಂದ ಇನ್ನೊಂದು ಹೆಜ್ಜೆ ಮುಂದಿಡಬಹುದು. ಸಿವಿಲ್ ವಿಭಾಗದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದವಿ ಮುಗಿಸುವ ಮುನ್ನ ತನ್ನ ಒಂದು ವಿನ್ಯಾಸವನ್ನು, ಅದು ಒಂದು ಸಣ್ಣ ಮೋರಿಯಾದರೂ ಸರಿ, ಅದನ್ನು ಕಟ್ಟುವ ಮೇಸ್ತ್ರಿಗೆ ಮತ್ತು ಅದನ್ನು ಬಳಸುವ ಊರಿನವರಿಗೆ ಅರ್ಥವಾಗುವಂತೆ ಎರಡು ಪುಟ ಕನ್ನಡದಲ್ಲಿ ಬರೆಯಲಿ. ಅದನ್ನು ಅವರ ಮುಂದೆ ನಿಂತು ಓದಲಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಲಿ. ಇದಕ್ಕೆ ಹೊಸ ಕಾಲೇಜು ಬೇಡ, ಹೊಸ ನಿಘಂಟು ಬೇಡ, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ. ಒಬ್ಬ ಕನ್ನಡ ಅಧ್ಯಾಪಕನೂ ಒಬ್ಬ ಸಿವಿಲ್ ಅಧ್ಯಾಪಕನೂ ಒಂದು ಮಧ್ಯಾಹ್ನ ಜೊತೆಗೆ ಕುಳಿತರೆ ಸಾಕು.

ಈ ಜೂನ್ ತಿಂಗಳ ನಂತರ ತುಂಗೆ ಭದ್ರೆಯರು ಮತ್ತೆ ತುಂಬಿ ಹರಿಯುವರು. ಅವರ ದಡದ ಸೇತುವೆಗಳ ಮೇಲೆ, ನಾಲೆಗಳ ಪಕ್ಕದಲ್ಲಿ, ಮನೆಗಳ ಸಜ್ಜದಡಿಯಲ್ಲಿ ನಾವೆಲ್ಲ ಯಾವ ಭಯವೂ ಇಲ್ಲದೆ ಓಡಾಡುತ್ತೇವೆ. ಹಾಗೆ ಓಡಾಡುವಾಗ ಯಾರ ಲೆಕ್ಕವನ್ನು, ಯಾರ ಕೈಯನ್ನು ನಂಬಿದ್ದೇವೆಂದು ನಮಗೆ ಗೊತ್ತಿರುವುದಿಲ್ಲ. ಆ ಇಬ್ಬರೂ ಒಬ್ಬರ ಮಾತನ್ನೊಬ್ಬರು ಅರಿತಿರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.